ಗುಂಡಿ ಡಬ್ಬಿಯ ಮಾತ್ರೆಗಳು

ಜನವರಿ 8, ಗುರುವಾರ

ಈ ಪುಸ್ತಕವನ್ನು ನಾನೇ ಹೊಲಿದದ್ದು. ಇಪ್ಪತ್ತೊಂಬತ್ತು ವರ್ಷ ಊರವರ ಪುಸ್ತಕಕ್ಕೆಲ್ಲ ರಟ್ಟು ಕಟ್ಟಿದವನು ನನಗೆಂದು ಒಂದನ್ನೂ ಕಟ್ಟಿಕೊಂಡಿರಲಿಲ್ಲ. ಆಸ್ಪತ್ರೆಯ ನರ್ಸ್, "ದಿನಾ ಏನಾಗುತ್ತೆ ಅಂತ ಬರೆದಿಡಿ, ಆಮೇಲೆ ಕೇಳಿದ್ರೆ ಯಾರಿಗೂ ನೆನಪಿರಲ್ಲ" ಎಂದಳು. ಅವಳಿಗೆ ತೋರಿಸಲು ಬೇರೆ ಹಾಳೆ ಇದೆ. ಇದು ನನ್ನೊಬ್ಬನಿಗೆ.

ಅಕ್ಕನಿಗೂ ನನಗೂ ಹೆಪಟೈಟಿಸ್ ಸಿ. ಕಣ್ಣಿನ ಪೊರೆ ತೆಗೆಸಲು ಹೋದವಳ ರಕ್ತದಲ್ಲಿ ಅದು ಸಿಕ್ಕಿತು. ಒಂದೇ ಮನೆಯಲ್ಲಿರುವವನು ಎಂದು ನನ್ನನ್ನೂ ಪರೀಕ್ಷೆ ಮಾಡಿದರು, ನನಗೂ ಸಿಕ್ಕಿತು. ಎಷ್ಟೋ ವರ್ಷದಿಂದ ಸದ್ದಿಲ್ಲದೆ ಪಿತ್ತಜನಕಾಂಗ ತಿನ್ನುತ್ತಾ ಕೂತಿದೆಯಂತೆ. ಈ ಆಸ್ಪತ್ರೆಯಲ್ಲಿ ಈಗ ಎರಡು ಬಗೆಯ ಔಷಧಿ ಹೋಲಿಸಿ ನೋಡುವ ಅಧ್ಯಯನ ನಡೆದಿದೆ. ಹಳೆಯದು ವಾರಕ್ಕೊಂದು ಇಂಜೆಕ್ಷನ್, ಜೊತೆಗೆ ಬೆಳಗ್ಗೆ ಸಂಜೆ ಮಾತ್ರೆ, ಇಪ್ಪತ್ತನಾಲ್ಕು ವಾರ. ಹೊಸದು ದಿನಕ್ಕೊಂದೇ ಮಾತ್ರೆ, ಹನ್ನೆರಡು ವಾರ. ಯಾರಿಗೆ ಯಾವುದು ಎಂದು ಮುಚ್ಚಿದ ಲಕೋಟೆ ತೀರ್ಮಾನಿಸುತ್ತದೆ.

ಅಕ್ಕ ಹದಿನೆಂಟನೇ ನಂಬರು, ಅವಳಿಗೆ ಮಾತ್ರೆ. ನಾನು ಹದಿನೇಳು, ನನಗೆ ಸೂಜಿ.

"ನಾವು ಬದಲಾಯಿಸ್ಕೋಬಹುದಾ?" ಎಂದು ಅಕ್ಕ ಡಾಕ್ಟರನ್ನು ಕೇಳಿದಳು, ಅಂಗಡಿಯಲ್ಲಿ ಸೀರೆ ಬದಲಾಯಿಸಿದ ಹಾಗೆ. ಆಗುವುದಿಲ್ಲವಂತೆ. "ಇವನಿಗೆ ಸೂಜಿ ಅಂದ್ರೆ ಮೊದಲಿಂದಲೂ ಪ್ರಾಣ ಹೋಗತ್ತೆ ಡಾಕ್ಟ್ರೇ. ಚಿಕ್ಕೋನಿದ್ದಾಗ ಬೀದಿ ಕಾಂಪೌಂಡರ್ ಬಂದ್ರೆ ಮಂಚದ ಕೆಳಗೆ ಸೇರ್ಕೋತಿದ್ದ. ಮೊದಲು ಅಕ್ಕನಿಗೆ ಚುಚ್ಚಿ, ಆಮೇಲೆ ನನಗೆ ಅಂತ ಹಟ. ಕಾಂಪೌಂಡರ್ ಗಾಜಿನ ಸಿರಿಂಜಲ್ಲಿ ನನಗಿಷ್ಟು ವಿಟಮಿನ್ ಚುಚ್ಚಿ, ಆಮೇಲೆ ಇವನ ಕೈ ಹಿಡೀತಿದ್ರು." ಡಾಕ್ಟರು, ನರ್ಸ್ ಇಬ್ಬರೂ ನಕ್ಕರು. ಐವತ್ತೊಂದು ವರ್ಷದವನ ಮಾನ ಹರಾಜಾಯಿತು.

ಒಪ್ಪಿಗೆಪತ್ರ ಎಂದು ಆರು ಹಾಳೆ ಕೊಟ್ಟರು. ಪಿನ್ ಸೊಟ್ಟ ಹೊಡೆದಿದ್ದರು, ಮೂರನೆಯ ಹಾಳೆ ತಲೆಕೆಳಗು. ನೋಡಿ ಸುಮ್ಮನಿರಲು ನನ್ನಿಂದಾಗಲಿಲ್ಲ. ಸಹಿ ಮಾಡಿ ನಮ್ಮಿಬ್ಬರ ಪ್ರತಿಗಳನ್ನೂ ಮನೆಗೆ ತಂದು, ಪಿನ್ ಕಿತ್ತು, ಪುಟಸಂಖ್ಯೆ ನೋಡಿ ಜೋಡಿಸಿ, ಹೊಲಿದು, ನೀಲಿ ರಟ್ಟು ಹಾಕಿದೆ. ಚೆನ್ನಾಗಿ ಬಂದಿದೆ.

ಜನವರಿ 10

ಮೊದಲ ಸೂಜಿಯಾದ ಮೇಲೆ ಚಳಿ ಜ್ವರ ಬರುತ್ತದೆ ಎಂದು ಮೊದಲೇ ಹೇಳಿದ್ದರು. ಹೇಳಿದ್ದು ಕಡಿಮೆಯಾಯಿತು. ಮೈಯನ್ನು ಪ್ರೆಸ್ಸಿನಲ್ಲಿಟ್ಟು ತಿರುಪು ಬಿಗಿದಂತಿತ್ತು. ಅಕ್ಕ ಮೂರು ಕಂಬಳಿ ಹೊದಿಸಿದಳು. ಈ ಬೆಳಗ್ಗೆ ಅವಳು ತನ್ನ ಮಾತ್ರೆಯನ್ನು ಒಂದು ಗುಟುಕು ನೀರಲ್ಲಿ ನುಂಗಿ, "ಅಷ್ಟೇನಾ?" ಎಂದು ನನ್ನನ್ನೇ ಕೇಳಿದಳು.

ಜನವರಿ 23

ಮೂರು ಸೂಜಿ ಮುಗಿದವು. ಗುರುವಾರ ಸೂಜಿ, ಶುಕ್ರವಾರ ಹೆಣಭಾರ, ಶನಿವಾರ ಸ್ವಲ್ಪ ಮನುಷ್ಯ. ಬೈಂಡಿಂಗ್ ಅಂಗಡಿಯ ಯಜಮಾನರು ಶುಕ್ರವಾರ ಕುಳಿತು ಮಾಡುವ ಕೆಲಸ ಮಾತ್ರ ಕೊಡುತ್ತಾರೆ. ಒಳ್ಳೆಯವರು. ಶಾಲೆಯ ಹಾಜರಿ ಪುಸ್ತಕ ನೂರಿಪ್ಪತ್ತು ಇವೆ. ನಾನು ಪುಸ್ತಕ ಓದುವುದಿಲ್ಲ, ಪುಟದ ಸಂಖ್ಯೆ ಓದುತ್ತೇನೆ. ಓದುತ್ತಾ ಕೂತರೆ ಬೈಂಡರ್ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ.

ಅಕ್ಕ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದಾಳೆ. ಭಾವ ಹೋದ ಮೇಲೆ ಅವಳು ಇಲ್ಲಿಗೆ ಬಂದು ಒಂಬತ್ತು ವರ್ಷ. ಅವಳು ಬಟ್ಟೆ ಹೊಲಿಯುತ್ತಾಳೆ, ನಾನು ಕಾಗದ. ಆ ಟಕಟಕ ನನಗೆ ಜೋಗುಳ.

ಫೆಬ್ರವರಿ 6

ನಿನ್ನೆ ಇಬ್ಬರ ರಕ್ತದ ವರದಿಯೂ ಬಂತು. ನಾಲ್ಕೇ ವಾರಕ್ಕೆ ಅಕ್ಕನ ರಕ್ತದಲ್ಲಿ ವೈರಸ್ ಕಾಣಿಸುತ್ತಿಲ್ಲ. ನನ್ನದರಲ್ಲಿ ಇದೆ, ಕಡಿಮೆಯಾಗಿದೆಯಷ್ಟೆ. ನರ್ಸ್ ತನ್ನ ಎದೆಯ ಮೇಲೆ ತಲೆಕೆಳಗಾಗಿ ತೂಗುವ ಗಡಿಯಾರ ನೋಡಿಕೊಂಡು, "ನಿಮ್ಮದು ನಿಧಾನ, ಆದ್ರೆ ದಾರಿ ಸರಿಯಿದೆ" ಎಂದಳು. ಅಕ್ಕನಿಗೆ, "ಕಾಣ್ತಿಲ್ಲ ಅಂತ ಬಿಟ್ಟುಬಿಡಬೇಡಿ ಮತ್ತೆ, ಪೂರ್ತಿ ಮುಗಿಸ್ಬೇಕು" ಎಂದಳು. ಅಕ್ಕ ತಲೆಯಾಡಿಸಿದಳು. ಅವಳು ಎಲ್ಲದಕ್ಕೂ ತಲೆಯಾಡಿಸುತ್ತಾಳೆ.

ಬಾಚಣಿಗೆಯಲ್ಲಿ ಕೂದಲು ಬರುತ್ತಿದೆ. ನಾಲಿಗೆಯ ಮೇಲೆ ಸದಾ ಕಬ್ಬಿಣದ ರುಚಿ.

ಫೆಬ್ರವರಿ 13

ಎರಡು ಮಹಡಿ ಹತ್ತಿದರೆ ಏದುಸಿರು. ರಕ್ತ ಕಡಿಮೆಯಾಗಿದೆಯಂತೆ, ಸೂಜಿಯ ಜೊತೆ ಕೊಡುವ ಆ ಮಾತ್ರೆಯ ಕೆಲಸ. ಅಕ್ಕನ ಹೊಲಿಗೆ ಯಂತ್ರ ಕೆಟ್ಟಿರಬೇಕು. ಇಷ್ಟು ಕರ್ಕಶ ಸದ್ದು ಮೊದಲಿರಲಿಲ್ಲ. ಎಣ್ಣೆ ಬಿಡು ಎಂದೆ. ಬಿಟ್ಟಿದ್ದೇನೆ ಎಂದಳು. ಇನ್ನೂ ಬಿಡು ಎಂದೆ.

ಅಂಗಡಿಯಲ್ಲಿ ಎಲ್ಲರೂ ಕಿರುಚಿ ಮಾತಾಡುವುದನ್ನು ಅಭ್ಯಾಸ ಮಾಡಿಕೊಂಡಿದ್ದಾರೆ.

ಫೆಬ್ರವರಿ 16

ಯಜಮಾನರ ಮುಖಕ್ಕೇ ಅಂಟಿನ ಬ್ರಷ್ ಎಸೆದೆ. ತಗಲಲಿಲ್ಲ. ಹಾಜರಿ ಪುಸ್ತಕದ ಬೆನ್ನು ಸೊಟ್ಟಗಿದೆ ಎಂದರು. ಸೊಟ್ಟಗಿರಲಿಲ್ಲ. ಸಂಜೆ ಇನ್ನೊಮ್ಮೆ ನೋಡಿದೆ, ಸೊಟ್ಟಗಿತ್ತು. ಹಾಗಂತ ಎಲ್ಲರೆದುರು ಹೇಳಬೇಕೆ?

ಫೆಬ್ರವರಿ 19, ಗುರುವಾರ

ಏಳನೇ ಸೂಜಿ. ಹಿಂದಿರುಗಿದಾಗ ಅಕ್ಕ ಅರ್ಧ ಬ್ರೆಡ್ಡಿಗೆ ಬೆಣ್ಣೆ ಸವರಿ ತಂದಳು. ಅವಳ ಕೆನ್ನೆ ಈಗ ತುಂಬಿಕೊಂಡಿದೆ, ಬಣ್ಣ ಬಂದಿದೆ. "ಎರಡು ತುತ್ತಾದ್ರೂ ತಿನ್ನೋ ಪುಟ್ಟ" ಎಂದಳು. ಈ ವಯಸ್ಸಿನಲ್ಲೂ ನಾನು ಅವಳಿಗೆ ಪುಟ್ಟ. ನನಗೆ ಎಲ್ಲಿತ್ತೋ ಸಿಟ್ಟು.

"ನಿನಗೇನು ಬಂತು! ಹಾಯಾಗಿ ಒಂದು ಮಾತ್ರೆ ನುಂಗಿ ಗುಂಡುಗುಂಡಗೆ ಓಡಾಡ್ತಿದೀಯ. ಚಿಕ್ಕಂದಿನಿಂದ್ಲೂ ಇದೇ ಕಥೆ. ಯಾವಾಗ್ಲೂ ದೊಡ್ಡ ಪಾಲು ನಿಂದೇ" ಎಂದೆ.

ಅವಳು ತಟ್ಟೆ ಅಲ್ಲೇ ಇಟ್ಟು ಹೋದಳು. ಅತ್ತಳೋ ಏನೋ, ನೋಡಲಿಲ್ಲ. ಹೇಳಿದ್ದು ಸತ್ಯವೇ. ನಾನು ಸತ್ಯ ಹೇಳಿದರೆ ಯಾರಿಗೂ ಆಗುವುದಿಲ್ಲ.

ಫೆಬ್ರವರಿ 27

ಕೆಲಸಕ್ಕೆ ಹೋಗಲಿಲ್ಲ. ಗೋಡೆ ನೋಡುತ್ತಾ ಮಲಗಿದ್ದೆ. ಮನೆ ಎಷ್ಟು ಶಾಂತವಾಗಿದೆ. ಯಂತ್ರ ಪೂರ್ತಿ ಕೆಟ್ಟಿತೆಂದು ಕಾಣುತ್ತದೆ. ಅಕ್ಕ ಕಿಟಕಿ ಪಕ್ಕ ಕೂತು ಕೈಯಲ್ಲೇ ಹೊಲಿಯುತ್ತಾಳೆ.

ಮಾರ್ಚ್ 9

ಏನೂ ಇಲ್ಲ.

ಮಾರ್ಚ್ 20

ಹನ್ನೊಂದು ಮುಗಿಯಿತು, ಹದಿಮೂರು ಬಾಕಿ. ನರ್ಸ್ ಒಂದು ಹಾಳೆ ಹಿಡಿದುಕೊಂಡು ಪ್ರಶ್ನೆ ಕೇಳಿದಳು. ಬೇಸರವಾಗುತ್ತದೆಯೆ, ಸಿಟ್ಟು ಬರುತ್ತದೆಯೆ, ಬದುಕು ಸಾಕೆನಿಸುತ್ತದೆಯೆ. "ಈ ಇಂಜೆಕ್ಷನ್ ತಲೆಗೂ ಹೋಗುತ್ತೆ. ಎಷ್ಟೋ ಜನ ತಾವು ತಾವಾಗಿರಲ್ಲ" ಎಂದಳು. ನನಗೆ ಹಾಗೇನಿಲ್ಲ, ಸುತ್ತಲಿನವರೇ ಬದಲಾಗಿದ್ದಾರೆ ಎಂದೆ. ಅವಳು ಏನನ್ನೋ ಬರೆದುಕೊಂಡು ಇನ್ನೊಂದು ಮಾತ್ರೆ ಸೇರಿಸಿದಳು, ಮನಸ್ಸು ಹಗುರಾಗಲು. ಸರಿ, ಇಷ್ಟರ ಮಧ್ಯೆ ಅದೂ ಒಂದಿರಲಿ.

ಏಪ್ರಿಲ್ 3, ಶುಕ್ರವಾರ

ನಿನ್ನೆಗೆ ಅಕ್ಕನ ಹನ್ನೆರಡು ವಾರ ಮುಗಿಯಿತು. ಖಾಲಿ ಬಾಟಲಿ ಮೂರನ್ನೂ ನರ್ಸಿಗೆ ಒಪ್ಪಿಸಿ ಬಂದಿದ್ದಳು. ಇವತ್ತು ಮಧ್ಯಾಹ್ನ ನನ್ನ ಮಂಚದ ಅಂಚಿನಲ್ಲಿ ಕೂತು, ಮಡಿಲಿಂದ ತನ್ನ ಗುಂಡಿ ಡಬ್ಬಿ ತೆಗೆದಳು. ಅಂಗಿ ಗುಂಡಿ, ಕೋಟಿನ ಗುಂಡಿ ತುಂಬಿಟ್ಟಿರುವ ತಗಡಿನ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ಗುಂಡಿಯಿರಲಿಲ್ಲ, ಅವಳ ಮಾತ್ರೆಗಳಿದ್ದವು.

"ನಲವತ್ತೆರಡಿವೆ. ಸರಿಯಾಗಿ ಅರ್ಧ. ನಂದು ನಾನು ತಗೊಂಡಾಯ್ತು, ಇದು ನಿಂದು. ಆ ಹಾಳು ಸೂಜಿ ಬಿಟ್ಟು ಇದನ್ನ ನುಂಗು."

"ನಿನಗೆ?"

"ನಂದು ಆಗ್ಲೇ ಹೋಗಿದೆಯಲ್ಲೋ, ನಾಲ್ಕನೇ ವಾರಕ್ಕೇ. ಇಲ್ಲದ ರೋಗಕ್ಕೆ ದಂಡ ಯಾಕೆ ಅಂತ ಎತ್ತಿಟ್ಟೆ."

ನಾನು ಎಣಿಸಿದೆ. ನಲವತ್ತೆರಡು. ಸುಳ್ಳೇಕೆ ಬರೆಯಲಿ, ಮೂರು ತಿಂಗಳಲ್ಲಿ ಮೊದಲ ಸಲ ಹೊಟ್ಟೆಯೊಳಗೆ ಸಂತೋಷದಂಥದ್ದೇನೋ ಆಯಿತು. ಡಬ್ಬಿಯನ್ನು ಬಟ್ಟೆಗಳ ಅಡಿಯಲ್ಲಿಟ್ಟೆ. ಇನ್ನೊಂದೇ ಒಂದು ಸಲ ಆಸ್ಪತ್ರೆಗೆ ಹೋಗಿ, ನನಗೆ ಈ ಸೂಜಿ ಸಾಕು ಎಂದು ಹೇಳಿ ಬರುವುದು. ಹೇಳದೆ ತಪ್ಪಿಸಿಕೊಳ್ಳುವುದು ನನಗಾಗದು.

ಚಿಕ್ಕಂದಿನಲ್ಲಿ ಅಮ್ಮ ಮಾಡಿದ ಕಾನೂನೊಂದಿತ್ತು. ಕೇಕಾಗಲಿ, ಸೇಬಾಗಲಿ, ಪೆನ್ಸಿಲ್ಲಾಗಲಿ, ಒಬ್ಬರು ಕತ್ತರಿಸಬೇಕು, ಇನ್ನೊಬ್ಬರು ಆರಿಸಿಕೊಳ್ಳಬೇಕು. ಜಗಳವೇ ಇಲ್ಲ. ಅಕ್ಕನ ಕೈ ಆಗಲೇ ದರ್ಜಿಯ ಕೈ, ಕತ್ತರಿಸುವುದು ಸದಾ ಅವಳು.

ಏಪ್ರಿಲ್ 9, ಗುರುವಾರ

ಅಕ್ಷರ ಸೊಟ್ಟಗೆ ಬಂದರೆ ಬರಲಿ, ಇವತ್ತೇ ಬರೆಯಬೇಕು.

ನರ್ಸಿಗೆ ಹೇಳಿದೆ, ಸಾಕು, ನನ್ನ ಹೆಸರು ಹೊಡೆದುಹಾಕಿ ಎಂದು. ಅವಳಿಗೆ ಆಶ್ಚರ್ಯವೂ ಆಗಲಿಲ್ಲ, ಬೇಜಾರೂ ಆಗಲಿಲ್ಲ. "ಆಗ್ಲಿ. ನಿಮಗೆ ತಡೆಯೋಕಾಗ್ತಿಲ್ಲ ಅಂದ್ರೆ ಡಾಕ್ಟ್ರು ಇಂಜೆಕ್ಷನ್ ನಿಲ್ಸಿ ಹೊಸ ಮಾತ್ರೆ ಬರೀತಾರೆ. ನಿಮ್ಮ ನಂಬರಿನ ಡಬ್ಬಿ ಮೊದಲ ದಿನದಿಂದ ಕಪಾಟಲ್ಲೇ ಇದೆಯಲ್ಲ" ಎಂದಳು.

"ಯಾವ ಡಬ್ಬಿ?"

"ಒಪ್ಪಿಗೆಪತ್ರ ಓದಿಲ್ವಾ? ಸೂಜಿ ಗುಂಪಿನವರಿಗೆ ವಾಸಿಯಾಗದಿದ್ರೆ, ಇಲ್ಲಾ ತಡೆಯೋಕಾಗದಿದ್ರೆ, ಹನ್ನೆರಡು ವಾರದ ಮಾತ್ರೆ ಅವರಿಗೇ ಮೀಸಲು. ನಾಲ್ಕನೇ ಪುಟ."

ಆಮೇಲೆ ನಾನು ಸುಮ್ಮನಿರದೆ ಇನ್ನೊಂದು ಕೇಳಿದೆ. ಆ ಮಾತ್ರೆಯನ್ನು ಯಾರಾದರೂ ಅರ್ಧ ತೆಗೆದುಕೊಂಡು ಬಿಟ್ಟರೆ? ಅವಳು ನನ್ನನ್ನು ನೋಡಿದಳು. "ವೈರಸ್ ಕಾಣದ ಹಾಗೆ ಅಡಗಿರುತ್ತೆ ಅಷ್ಟೇ. ಬಿಟ್ರೆ ವಾಪಸ್ ಬರುತ್ತೆ. ಉಳಿದರ್ಧ ನುಂಗಿದವರಿಗೂ ವಾಸಿಯಾಗಲ್ಲ. ಇಬ್ಬರೂ ಕೆಟ್ರು. ಯಾಕೆ ಕೇಳ್ತಿದೀರ?"

ಸುಮ್ಮನೆ ಎಂದೆ. ತೋಳು ಚಾಚಿದೆ. ಹದಿನಾಲ್ಕನೆಯದನ್ನು ಚುಚ್ಚಿದಳು. ಮನೆಗೆ ಬಂದು ನೀಲಿ ರಟ್ಟಿನ ಪುಸ್ತಕ ತೆಗೆದೆ. ನಾಲ್ಕನೇ ಪುಟ, ಮೇಲಿನಿಂದ ಎರಡನೇ ಪ್ಯಾರಾ. ದಪ್ಪ ಅಕ್ಷರದಲ್ಲಿದೆ. ಆ ಹಾಳೆಗೆ ನಾನೇ ಐದು ತೂತು ಹಾಕಿ ದಾರ ಎಳೆದಿದ್ದೆ. ಪುಟಸಂಖ್ಯೆ ಬಿಟ್ಟರೆ ಒಂದಕ್ಷರ ನೋಡಿರಲಿಲ್ಲ.

ಏಪ್ರಿಲ್ 10

ಅಕ್ಕನಿಗೆ ಹೇಳಿದೆ. ಮೊದಲು ನಂಬಲಿಲ್ಲ. ನಾಲ್ಕನೇ ಪುಟ ತೆರೆದು ಅವಳ ಕೈಗಿಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. "ನನ್ನ ಪ್ರತೀನೂ ನೀನೇ ಹೊಲಿದಿಟ್ಟೆ, ನೀನು ನೋಡಿರ್ತೀಯ ಅಂದ್ಕೊಂಡೆ" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

"ಯಾವತ್ತಿಂದ ನಿಲ್ಲಿಸಿದೆ?"

"ನೀನು ಅವತ್ತು ಆ ದೊಡ್ಡ ಪಾಲಿನ ಮಾತು ಅಂದ್ಯಲ್ಲ, ಅವತ್ತಿಗೆ ನಲವತ್ತೆರಡು ನುಂಗಿದ್ದೆ. ಸರಿ ಅರ್ಧ. ಇದೇ ಸೂಚನೆ ಅನ್ನಿಸ್ತು."

ಡಾಕ್ಟರಿಗೆ ಹೇಳೋಣ ಎಂದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. "ಬೇಡ ಕಣೋ. ಖಾಲಿ ಬಾಟಲಿ ತೋರ್ಸಿ ಸುಳ್ಳು ಹೇಳಿದೀನಿ. ಮುಖ ಹೇಗೆ ತೋರ್ಸ್ಲಿ? ಒಬ್ಬರಿಗೆ ಒಂದೇ ಸಲ ಕೊಡೋದಂತೆ. ಹೇಗೂ ಬರೋದಿದ್ರೆ ಬರುತ್ತೆ, ನನ್ನ ಪಾಡಿಗೆ ಬಿಡು."

ಆ ಔಷಧಿಯನ್ನು ಹೊರಗೆ ಕೊಳ್ಳುವ ಮಾತು ನಮ್ಮಂಥವರಿಗಲ್ಲ. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿತ್ತು. ಎತ್ತಿ ಚಕ್ರ ತಿರುಗಿಸಿ ನೋಡಿದೆ. ಸರಾಗ ತಿರುಗಿತು.

"ಇದು ಕೆಟ್ಟಿಲ್ವಲ್ಲ" ಎಂದೆ.

"ಕೆಟ್ಟಿದೆ ಅಂತ ಯಾರು ಹೇಳಿದ್ರು?" ಎಂದಳು.

ಏಪ್ರಿಲ್ 13

ಅವಳಿಗೆ ಹೇಳದೆ ಹೋಗಿ ಡಾಕ್ಟರಿಗೆ ಎಲ್ಲ ಹೇಳಿದೆ. ಗುಂಡಿ ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ನಾನು ಅವಳಿಗೆ ಏನಂದೆ ಎಂಬುದನ್ನೂ ಬಿಡಲಿಲ್ಲ. ಡಾಕ್ಟರು ಬೈಯುತ್ತಾರೆಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. ಅವರಿಗೂ ಸುಸ್ತಿದೆ, ಹೊರಗೆ ಬೆಂಚಿನ ತುಂಬ ಜನ.

"ನೀವು ಹೇಳದೇ ಇದ್ದಿದ್ರೆ ನಮ್ಮ ಲೆಕ್ಕದಲ್ಲಿ ಏನಾಗ್ತಿತ್ತು ಗೊತ್ತಾ? ಹೊಸ ಮಾತ್ರೆ ಒಬ್ಬರಲ್ಲಿ ಸೋತಿದೆ ಅಂತ ಬರ್ಕೋತಿದ್ವಿ. ಸೋತದ್ದು ಮಾತ್ರೆಯಲ್ಲ" ಎಂದರು. ಆಮೇಲೆ, "ಅಕ್ಕನ್ನ ಕರ್ಕೊಂಡು ಬನ್ನಿ. ನಾನೇನು ಹೊಡೆಯೋದಿಲ್ಲ" ಎಂದರು.

ಏಪ್ರಿಲ್ 24

ಅಕ್ಕನ ರಕ್ತದಲ್ಲಿ ವೈರಸ್ ಮತ್ತೆ ಬಂದಿದೆ.

ನನ್ನೊಡನೆ ಒಂದು ವಾರ ಮಾತು ಬಿಟ್ಟಿದ್ದವಳು, ವರದಿ ಕೇಳಿದ ಮೇಲೆ ಮೊದಲು ಆಡಿದ ಮಾತು, "ನಿಂದು?"

ನನ್ನದು ಹನ್ನೆರಡನೇ ವಾರದ ಪರೀಕ್ಷೆಯಲ್ಲಿ ಕಾಣಿಸಿಲ್ಲ. ಹೇಳಿದೆ. ಅವಳ ಮುಖ ಅರಳಿತು. ಇಂಥವಳೊಡನೆ ಏನು ಮಾಡಬೇಕು?

ಮೇ 8

ಡಾಕ್ಟರು ಅಧ್ಯಯನದ ಸಮಿತಿಗೆ ಬರೆದಿದ್ದರು. ಉತ್ತರ ಬಂದಿದೆ. ಅಕ್ಕನಿಗೆಂದು ಇನ್ನೊಂದು ಡಬ್ಬಿ ಇಲ್ಲ. ಸೂಜಿ ಗುಂಪಿನ ಪ್ರತಿಯೊಬ್ಬರ ಹೆಸರಲ್ಲಿ ಒಂದೊಂದು ಇದೆ. ಯಾರು ಸೂಜಿಯಿಂದಲೇ ಪೂರ್ತಿ ವಾಸಿಯಾಗುತ್ತಾರೋ ಅವರ ಡಬ್ಬಿ ಉಳಿಯುತ್ತದೆ. ಮನೆಯವರೇ ಆದ್ದರಿಂದ, ನನ್ನದು ಉಳಿದರೆ ಅಕ್ಕನಿಗೆ ಕೊಡಲು ಒಪ್ಪಿದ್ದಾರೆ.

ಡಾಕ್ಟರು ಬಾಗಿಲು ಹಾಕಿ ಹೇಳಿದರು. "ನೋಡಿ, ನಿಮಗೆ ರಕ್ತ ಕಡಿಮೆ ಇದೆ, ತೂಕ ಇಳಿದಿದೆ. ಈಗ್ಲೂ ನೀವು ಸೂಜಿ ಬಿಟ್ಟು ನಿಮ್ಮ ಡಬ್ಬಿ ತಗೋಬಹುದು. ಅದು ನಿಮ್ಮ ಹಕ್ಕು, ಯಾರೂ ತಪ್ಪು ಅನ್ನಲ್ಲ."

"ಪೂರ್ತಿ ಮಾಡಿದ್ರೆ ವಾಸಿಯಾಗುತ್ತಾ?"

"ಈಗ ಕಾಣ್ತಿಲ್ಲ ಅಂದ್ರೆ ಆಗೋ ಸಾಧ್ಯತೆ ಹೆಚ್ಚು. ಭಾಷೆ ಕೊಡೋಕಾಗಲ್ಲ."

ಇನ್ನು ಆರೇ ಸೂಜಿ. ನನಗೆ ಅಭ್ಯಾಸವಾಗಿಬಿಟ್ಟಿದೆ ಎಂದೆ. ಅಕ್ಕನಿಗೆ ಈ ವಿಷಯ ಹೇಳಬೇಡಿ ಎಂದೂ ಹೇಳಿದೆ. ಹೇಳಿದರೆ ಅವಳು ನಾಳೆಯೇ ಬಂದು ಇಲ್ಲಿ ಧರಣಿ ಕೂರುತ್ತಾಳೆ.

ಮೇ 22

ಇಪ್ಪತ್ತು. ಕೈಗಳ ಚರ್ಮ ಒಡೆದಿದೆ, ಅಂಟು ತಾಗಿದರೆ ಉರಿ. ಯಜಮಾನರಿಗೆ ಬ್ರಷ್ಷಿನ ವಿಷಯಕ್ಕೆ ಕ್ಷಮೆ ಕೇಳಿದೆ. "ಯಾವ ಬ್ರಷ್ಷು? ಎಸೆದದ್ದು ನೀವಲ್ಲ ಮಾರಾಯ್ರೆ, ಔಷಧಿ" ಎಂದರು. ಎಲ್ಲರಿಗೂ ಗೊತ್ತಿತ್ತಂತೆ.

ಅಕ್ಕ ಬೇಗ ದಣಿಯುತ್ತಾಳೆ. ಸೂಜಿಗೆ ದಾರ ಪೋಣಿಸಲು ಎರಡು ಸಲ ಪ್ರಯತ್ನಿಸಿದಳು. ಮೂರನೆಯದಕ್ಕೆ ನಾನೇ ಪೋಣಿಸಿದೆ. ಯಂತ್ರ ಶುರುಮಾಡು, ಆ ಸದ್ದಿಲ್ಲದೆ ನಿದ್ದೆ ಬರುತ್ತಿಲ್ಲ ಎಂದೆ. ಓರೆಗಣ್ಣಲ್ಲಿ ನೋಡಿದಳು. ತುಳಿದಳು.

ಜೂನ್ 5

ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಕ್ಕ ನೋಡುವ ಮೊದಲು ಎದ್ದೆ. ಅವಳಿಗೆ ಈ ತಿಂಗಳು ಹೊಟ್ಟೆಯ ಬಲಗಡೆ ನೋವು. ಕೇಳಿದರೆ ಇಲ್ಲ ಅನ್ನುತ್ತಾಳೆ, ಕೈ ಮಾತ್ರ ಅಲ್ಲೇ ಇರುತ್ತದೆ. ನಾಳೆ ಸೇಬು ತರಬೇಕು. ಅವಳಿಗೆ ಹುಳಿಯದು ಇಷ್ಟ.

ಜೂನ್ 18, ಗುರುವಾರ

ಇಪ್ಪತ್ತನಾಲ್ಕು. ನರ್ಸ್ ಹತ್ತಿ ಒತ್ತಿ, "ಮುಗೀತು, ಇನ್ನು ನನ್ನ ಮುಖ ನೋಡೋ ಕಷ್ಟ ಇಲ್ಲ" ಎಂದಳು. ಇಬ್ಬರಿಗೂ ನಗು ಬಂತು. ಆದರೆ ಇದು ಮುಗಿದದ್ದಲ್ಲ. ಹನ್ನೆರಡು ವಾರ ಕಾದು ಮತ್ತೆ ನೋಡಬೇಕು. ಆಗಲೂ ವೈರಸ್ ಇಲ್ಲದಿದ್ದರೆ ಮಾತ್ರ ಇಲ್ಲ ಎಂದರ್ಥ.

ಜುಲೈ 27

ಟೀ ಟೀಯ ರುಚಿಯೇ ಕೊಟ್ಟಿತು. ಬರೆದಿಡುವಂಥದ್ದು ಅನ್ನಿಸಿತು.

ಆಗಸ್ಟ್ 30

ನನ್ನ ಮೈ ಹೇಗಿದೆ ಎಂದು ಇಲ್ಲಿ ಬರೆಯುವುದನ್ನೇ ಮರೆತಿದ್ದೇನೆ. ಚೆನ್ನಾಗಿರಬೇಕು. ಅಕ್ಕನ ಕಾಲು ಊದಿತ್ತು, ಈಗ ಇಳಿದಿದೆ. ಬಿಳಿಚಿಕೊಂಡಿದ್ದಾಳೆ. ಡಾಕ್ಟರು ಇನ್ನೂ ತಡವಾಗಿಲ್ಲ ಎನ್ನುತ್ತಾರೆ. ಬೆಳಗ್ಗೆ ಎದ್ದರೆ ನನಗೆ ಕ್ಯಾಲೆಂಡರೇ ಕಾಣುತ್ತದೆ.

ಸೆಪ್ಟೆಂಬರ್ 17

ಇಲ್ಲ. ನನ್ನ ರಕ್ತದಲ್ಲಿ ವೈರಸ್ ಇಲ್ಲ. ಹೋಗಿದೆ, ಪೂರ್ತಿ.

ನರ್ಸಿನೆದುರು ನಾನು ಅತ್ತುಬಿಟ್ಟೆ. ಅವಳು ನನಗೆ ಸಂತೋಷವಾಗಿದೆ ಎಂದುಕೊಂಡಳು. ಹೌದು, ಆಗಿತ್ತು. ಆದರೆ ನಾನು ಕೇಳಿದ್ದು, "ಡಬ್ಬಿ ಯಾವತ್ತು ಕೊಡ್ತೀರಿ?"

ಸೆಪ್ಟೆಂಬರ್ 27, ಭಾನುವಾರ

ಈ ಪುಸ್ತಕದ ಹಾಳೆಗಳು ಮುಗಿಯುತ್ತಾ ಬಂದವು. ಬೆನ್ನು ಗಟ್ಟಿ ಮಾಡೋಣವೆಂದು ಕೈಗೆತ್ತಿಕೊಂಡವನು ಮೊದಲಿನಿಂದ ಓದಿದೆ. ಮೊದಲಿದ್ದರೆ ಪುಟಸಂಖ್ಯೆ ಮಾತ್ರ ನೋಡುತ್ತಿದ್ದೆ.

ಫೆಬ್ರವರಿ ಹತ್ತೊಂಬತ್ತರ ಹಾಳೆ ಕಿತ್ತುಹಾಕಬೇಕೆನಿಸಿತು. ದೊಡ್ಡ ಪಾಲು ನಿಂದೇ ಎಂದಿದ್ದೆನಂತೆ. ಕತ್ತರಿಸುತ್ತಿದ್ದವಳು ಅವಳು, ಆರಿಸಿಕೊಳ್ಳುತ್ತಿದ್ದವನು ನಾನು. ಒಂದು ಸಲವೂ ಅವಳಿಗೆ ದೊಡ್ಡ ಪಾಲು ಸಿಕ್ಕಿರಲು ಸಾಧ್ಯವೇ ಇಲ್ಲ. ಇಷ್ಟು ಸುಲಭದ ವಿಷಯ ನನ್ನ ತಲೆಗೆ ಹೊಳೆಯಲು ಏಳು ತಿಂಗಳು ಬೇಕಾಯಿತು. ಆದರೆ ಹೊಲಿದ ಪುಸ್ತಕದಲ್ಲಿ ಒಂದು ಹಾಳೆ ಕಿತ್ತರೆ ಮಡಿಕೆಯ ಆ ಬದಿಯ ಹಾಳೆಯೂ ಸಡಿಲವಾಗುತ್ತದೆ. ತೆರೆದು ನೋಡಿದರೆ ಆ ಬದಿಯಲ್ಲಿರುವುದು ಏಪ್ರಿಲ್ ಮೂರು, ಅವಳು ಗುಂಡಿ ಡಬ್ಬಿ ತಂದ ದಿನ. ಎರಡನ್ನೂ ಇದ್ದ ಹಾಗೆ ಬಿಟ್ಟೆ.

ಅದಕ್ಕಿಂತ ಹೆಚ್ಚು ಹೊತ್ತು ಕೂತದ್ದು ಮೊದಲ ಪುಟದ ಮುಂದೆ. ಜನವರಿ ಎಂಟು. ಅಕ್ಕ ಕಾಂಪೌಂಡರ್ ಕಥೆ ಹೇಳಿದಳು, ಎಲ್ಲರೂ ನಕ್ಕರು, ನಾನು ಮಾನ ಹರಾಜಾಯಿತು ಎಂದು ಬರೆದೆ. ಜ್ವರ ಬರುತ್ತಿದ್ದದ್ದು ನನಗೆ. ಅವಳಿಗೆ ಯಾವ ಕಾಯಿಲೆಯೂ ಇರಲಿಲ್ಲ. ಬೀದಿಯ ಎಲ್ಲರ ಮೈ ಹೊಕ್ಕು ಬಂದ ಆ ಗಾಜಿನ ಸಿರಿಂಜಿಗೆ ಅವಳು ತೋಳು ಕೊಟ್ಟದ್ದು ನಾನು ಮಂಚದ ಕೆಳಗಿಂದ ಹೊರಗೆ ಬರಲಿ ಎಂದು.

ರೋಗ ಅಲ್ಲಿಂದಲೇ ಬಂತೆಂದು ಹೇಳಲಾಗದು ಎಂದು ಡಾಕ್ಟರು ಹೇಳಬಹುದು. ನಾನು ಅವರನ್ನು ಕೇಳಲಿಲ್ಲ. ಅಕ್ಕನ ಕೋಣೆಗೆ ಹೋಗಿ ಬಾಗಿಲಲ್ಲಿ ನಿಂತೆ. ಅವಳು ಯಾರದೋ ಕೋಟಿಗೆ ತೋಳು ಜೋಡಿಸುತ್ತಿದ್ದಳು.

"ಏನೋ?"

"ನಿನಗೆ ಗೊತ್ತಿತ್ತಾ? ಆ ಕಾಂಪೌಂಡರ್ ಸೂಜಿ..."

ಅವಳು ಯಂತ್ರ ನಿಲ್ಲಿಸಲಿಲ್ಲ. "ಡಾಕ್ಟ್ರು ಮೊದಲ ದಿನವೇ ಕೇಳಿದ್ರಲ್ಲ, ಚಿಕ್ಕಂದಿನಲ್ಲಿ ಇಂಜೆಕ್ಷನ್ ತಗೊಂಡಿದ್ರಾ ಅಂತ. ಅದಕ್ಕೇ ಹೇಳಿದ್ದು. ನಿನಗೆ ಈಗ ಗೊತ್ತಾಯ್ತಾ? ಗುಂಡಿ ಹಿಡ್ಕೋ, ಬೀಳ್ತಾ ಇದೆ."

ನಾನು ಗುಂಡಿ ಹಿಡಿದುಕೊಂಡೆ.

ಅಕ್ಟೋಬರ್ 2, ಶುಕ್ರವಾರ

ಡಬ್ಬಿ ಬಂತು. ಹದಿನೇಳು ಎಂದಿದ್ದ ಚೀಟಿಯ ಮೇಲೆ ಗೀಟು ಹೊಡೆದು ಪಕ್ಕದಲ್ಲಿ ಹದಿನೆಂಟು ಎಂದು ಬರೆದಿದ್ದಾರೆ. ಚೀಟಿಯನ್ನು ಸೊಟ್ಟ ಅಂಟಿಸಿದ್ದರು. ಹಾಗೇ ಇರಲಿ ಎಂದು ಬಿಟ್ಟೆ, ಮೊದಲು ಒಳಗಿನ ಕಾಗದವನ್ನು ಒಂದಕ್ಷರ ಬಿಡದೆ ಓದಿದೆ. ಬಾಟಲಿ ಮೂರು, ಒಂದೊಂದರಲ್ಲಿ ಇಪ್ಪತ್ತೆಂಟು. ಬಾಟಲಿಗಳು ನನ್ನ ಹತ್ತಿರವೇ ಇರುತ್ತವೆ, ಬೆಳಗ್ಗೆ ಏಳಕ್ಕೆ ನನ್ನ ಕಣ್ಣೆದುರೇ ನುಂಗಬೇಕು ಎಂದು ಅಕ್ಕನಿಗೆ ಹೇಳಿದೆ.

"ನನ್ನ ಮೇಲೆ ನಂಬಿಕೆ ಇಲ್ವಾ?"

"ಎಳ್ಳಷ್ಟೂ ಇಲ್ಲ."

ಅವಳಿಗೆ ಈಗ ಎಲ್ಲ ಗೊತ್ತು. ನರ್ಸ್ ಬಾಯಿಬಿಟ್ಟಳು, ಕೊನೆಯ ಆರು ಸೂಜಿ ನಾನು ಯಾಕೆ ತೆಗೆದುಕೊಂಡೆ ಎಂದು. ಅಕ್ಕ ಬಸ್ಸಿನಲ್ಲಿ ಕಿಟಕಿಯ ಕಡೆಯೇ ನೋಡುತ್ತಿದ್ದಳು. ಮನೆಗೆ ಬಂದು ನೀರಿನ ಲೋಟ ಹಿಡಿದು ಕೂತಳು. ಅಂಗೈಯಲ್ಲಿ ಮೊದಲ ಮಾತ್ರೆ. ಎತ್ತಿ ಬಾಯ ಹತ್ತಿರ ತಂದವಳು ನಿಲ್ಲಿಸಿದಳು. ಮುಖದಲ್ಲಿ ಹಳೆಯ ತುಂಟತನ. ಬಹಳ ದಿನದಿಂದ ನೋಡಿರಲಿಲ್ಲ.

"ಮೊದಲು ನೀನು. ಆಮೇಲೆ ನಾನು" ಎಂದಳು.

ನನಗೆ ನುಂಗಲು ಏನೂ ಇರಲಿಲ್ಲ. ಜೇಬಿನಲ್ಲಿ ಒಂದು ಪೆಪ್ಪರ್‌ಮಿಂಟ್ ಇತ್ತು, ಸೂಜಿಯ ದಿನಗಳ ಕಬ್ಬಿಣದ ರುಚಿಗೆಂದು ಇಟ್ಟುಕೊಂಡದ್ದು. ತೆಗೆದು ಬಾಯಿಗೆ ಹಾಕಿಕೊಂಡು, ನಾಲಿಗೆ ಚಾಚಿ ತೋರಿಸಿದೆ. ಅವಳು ನಕ್ಕು, ಮಾತ್ರೆ ನುಂಗಿ, ಅವಳೂ ನಾಲಿಗೆ ತೋರಿಸಿದಳು.

ಸಂಜೆ ಅಂಗಡಿಗೆ ಹೋಗಿ ಪೆಪ್ಪರ್‌ಮಿಂಟ್ ಕೇಳಿದೆ. ಎಷ್ಟು ಎಂದ ಅಂಗಡಿಯವನು. ಎಂಬತ್ತಮೂರು ಎಂದೆ.